ನಿಮ್ಮ ಕೋವಿಯ ಲಾಕು

ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಅರಣ್ಯ ಕ್ಯಾಂಪು
೭ ನವೆಂಬರ್ ೨೦೨೪, ಗುರುವಾರ

ರಂಜಿನಿಯ ಅಪ್ಪನವರಿಗೆ ವನಿತಾ ಮಾಡುವ ನಮಸ್ಕಾರ.

ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ; ಸಿಗುವ ಕಡೆ ಹೋಗಿ ಮಾಡಿದರೆ ನಿಮ್ಮ ಫೋನು ಆಫ್. ಚಾಮರಾಜನಗರದಲ್ಲಿ ನಿಮ್ಮ ಅಕ್ಕನ ಮನೆ ಬಿಟ್ಟು ಎಲ್ಲೂ ಹೋಗಿರಲಾರಿರಿ ಎಂದುಕೊಂಡು ರೇಷನ್ ಜೀಪಿನವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ರಂಜಿನಿ ಗುಂಡ್ಲುಪೇಟೆಯಲ್ಲಿ ನಮ್ಮವ್ವನ ಹತ್ತಿರವೇ ಇದ್ದಾಳೆ. ಡ್ರೈವರ್ ಸಾದಿಕಣ್ಣ ಆಸ್ಪತ್ರೆಯಿಂದ ಬಂದ. ಜೀಪಿನಲ್ಲಿ ನಿಮ್ಮ ಕೋವಿಯ ಈಡು ಹಾರಿ ಅವನ ಕಾಲಿಗೆ ತಗುಲಿದ್ದನ್ನು ಆಗಲೇ ಕಥೆ ಮಾಡಿಕೊಂಡಿದ್ದಾನೆ. "ಎರಡು ಬೆರಳು ಹೋದ್ರೆ ಏನಕ್ಕ, ಬ್ರೇಕ್ ಒತ್ತೋಕೆ ಮೂರು ಸಾಕು. ನಿಮ್ ಸ್ವಾಮಿ ಗುರಿ ಇಟ್ಟು ಹೊಡೆದಿದ್ರೆ ತಪ್ಪಿ ಆ ಎರಡೂ ಉಳೀತಿದ್ವು" ಎಂದು ನಗುತ್ತಾನೆ.

ಸೋಮವಾರ ನಿಮ್ಮ ವಿಚಾರಣೆ. ಅದಕ್ಕೆ ಮೊದಲು ಕ್ಯಾಂಪಿನ ತ್ರೀ ನಾಟ್ ತ್ರೀ ಕೋವಿಗಳನ್ನೆಲ್ಲ ನೋಡಿ ವರದಿ ಬರೆಯಲು ಗುಂಡ್ಲುಪೇಟೆಯ ಕೋವಿ ರಿಪೇರಿ ಮಹಬೂಬ್ ಸಾಬ್ರು ನಿನ್ನೆ ಬಂದಿದ್ದರು. ಒಂದೊಂದಾಗಿ ಎತ್ತಿ ಕೊಡುವ ಡ್ಯೂಟಿ ನನಗೇ ಬಿತ್ತು. ಯಾವ ಕಾಲದ ಸಿಪಾಯಿಗಳೋ ಹೊತ್ತು ಇಳಿಸಿದ ಕೋವಿಗಳು. ಗುಂಡು ಹಾರದಂತೆ ತಡೆಯುವ ಲಾಕು ಸವೆಯದೆ ಇರುತ್ತದೆಯೇ? ನಿಮ್ಮದೂ ಸವೆದಿರಲಿ ಎಂದು ಹರಕೆ ಹೊತ್ತು ಕೂತಿದ್ದೆ. ಸವೆದಿದ್ದರೆ ತಪ್ಪು ಕಬ್ಬಿಣದ್ದು. ನಿಮ್ಮ ಕೆಲಸ ಉಳಿಯುತ್ತದೆ.

ಸಾಬ್ರು ಮಾಡುವುದು ಇಷ್ಟೆ. ಒಳಗೆ ಗುಂಡಿಲ್ಲವೆಂದು ಕಣ್ಣಿಟ್ಟು, ಬೆರಳಿಟ್ಟು ನೋಡುತ್ತಾರೆ. ಬೋಲ್ಟ್ ಎಳೆದು ಮುಚ್ಚಿ, ಲಾಕು ಹಾಕಿ, ಟ್ರಿಗರನ್ನು ಗಟ್ಟಿಯಾಗಿ ಎಳೆದು ಬಿಡುತ್ತಾರೆ. ಆಮೇಲೆ ಲಾಕು ತೆಗೆಯುತ್ತಾರೆ. ಆಗ ಗುಂಡಿಗೆ ಬಡಿಯುವ ಒಳಗಿನ ಸೂಜಿ ತಾನಾಗಿ 'ಟಕ್' ಎಂದು ಬಿದ್ದರೆ ಲಾಕು ಸವೆದಿದೆ ಎಂದರ್ಥ. ಮೊದಲ ಕೋವಿ ಟಕ್ ಎಂದಿತು. ಅದರ ಮುಂದಿನದೂ ಟಕ್ ಎಂದಿತು.

"ಇದು ಲಾಕಲ್ಲ ತಾಯಿ, ಬಾಗಿಲಿಗೆ ಕಟ್ಟಿದ ಮಾವಿನ ತೋರಣ. ನೋಡೋಕೆ ಚಂದ, ಯಾರನ್ನೂ ತಡಿಯಲ್ಲ" ಎಂದರು ಸಾಬ್ರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ವಾಚರ್ ಪುಟ್ಟಮಾದು ನನಗಿಂತ ಹೆಚ್ಚು ಒದ್ದಾಡುತ್ತಿದ್ದ. "ಅಕ್ಕಾ, ಸ್ವಾಮಣ್ಣನ್ದು ಮೊದ್ಲು ತೋರ್ಸ್‌ಬುಡು."

ತೋರಿಸಿದೆ. ಸಾಬ್ರು ಟ್ರಿಗರ್ ಎಳೆದರು, ಬಿಟ್ಟರು, ಲಾಕು ತೆಗೆದರು. ಸದ್ದಿಲ್ಲ. ಮತ್ತೆ ಮಾಡಿದರು. ಲಾಕು ಹಾಕಿ ಅಂಗೈಯಿಂದ ಕೋವಿಗೆ ತಟ್ಟಿದರು, ಬೆರಳಿನಿಂದ ಲಾಕನ್ನು ಅಲ್ಲಾಡಿಸಿದರು. ಜಗ್ಗಲಿಲ್ಲ. ನಾನು ಕಿವಿಯನ್ನೇ ಅದರ ಹತ್ತಿರ ತಂದು ಕೇಳಿದೆ. ಏನೂ ಇಲ್ಲ.

ನನ್ನ ಮುಖ ನೋಡಿ ಸಾಬ್ರು ದನಿ ತಗ್ಗಿಸಿದರು. "ಸವೆದವು ಇಷ್ಟೊಂದು ಇದಾವೆ. ಇನ್ನೊಂದು ಸೇರಿದ್ರೆ ಯಾರಿಗೆ ಗೊತ್ತಾಗ್ತದೆ? ಬರೀಲಾ ತಾಯಿ?"

ಬೇರೆ ಕೋವಿಗಳಿಂದ ಯಾರಿಗೂ ಏಟಾಗಿಲ್ಲ, ಯಾರೂ ಕೇಳುವುದಿಲ್ಲ. ಇದನ್ನು ಯಾರು ನೋಡಿ ಕೊಟ್ಟರು ಎಂದು ಕೇಳುತ್ತಾರೆ. ದಿನಾ ಬೆಳಿಗ್ಗೆ ಲಾಕು ನೋಡಿ ಕೋವಿ ಕೊಡುವವನು ಪುಟ್ಟಮಾದು. ಸವೆದಿದೆ ಎಂದು ಬರೆದರೆ ಅವನ ಕೂಲಿ ಕೆಲಸ ಅಲ್ಲಿಗೆ ಮುಗಿಯಿತು. ಅದು ಅವನಿಗೂ ಗೊತ್ತು.

"ಬರ್ಸ್‌ಬುಡಕ್ಕ" ಎಂದ. "ನಂದೇನು, ಈರುಳ್ಳಿ ಮಂಡೀಲಿ ಮೂಟೆ ಹೊತ್ಕತೀನಿ. ಸ್ವಾಮಣ್ಣನ್ ಪರ್ಮನೆಂಟ್ ಕೆಲ್ಸ ಓದ್ರೆ ತಿರ್ಗಾ ಬತ್ತದಾ?"

ಅವನು ಹಾಗೆ ಹೇಳದೆ ಇದ್ದಿದ್ದರೆ ನಾನು ಬರೆಸಿಬಿಡುತ್ತಿದ್ದೆನೋ ಏನೋ. "ಇದ್ದದ್ದನ್ನೇ ಬರೀರಿ ಸಾಬ್ರೆ" ಎಂದೆ. ಬರೆದರು. ಆಗಿನಿಂದ ಎದ್ದರೆ ಕೂರಬೇಕು, ಕೂತರೆ ಏಳಬೇಕು ಎನಿಸುತ್ತಿದೆ. ಈ ಕಾಗದವನ್ನೂ ಹಾಗೆಯೇ ಎದ್ದು ಕೂತು ಬರೆಯುತ್ತಿದ್ದೇನೆ.

ಸೋಮವಾರ ಹೋಗಿ, ಲಾಕು ಹಾಕುವುದು ಮರೆತೆ ಎಂದುಬಿಡಿ. ಸಾದಿಕಣ್ಣನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಕೆಲಸ ಹೋದರೂ ನನ್ನದೊಂದಿದೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಮಾದಪ್ಪ ನಿಮ್ಮ ಬೆನ್ನಿಗಿರಲಿ.

ನಿಮ್ಮ
ವನಿತಾ

ಇನ್ನೊಂದು ಮಾತು: ಮರೆವು ಯಾರಿಗಿಲ್ಲ? ಅದಕ್ಕೆ ನನಗೆ ನೋವಿಲ್ಲ. ಆದರೆ ಆವತ್ತು ಮನೆಗೆ ಬಂದವರು ಮಲಗಿದ್ದ ರಂಜಿನಿಯ ತಲೆ ಮೇಲೆ ಕೈಯಿಟ್ಟು, "ಲಾಕ್ ಹಾಕಿದ್ದೆ ಕಣೆ, ಇವಳಾಣೆ" ಎಂದಿರಿ. ಮೇಲಿನವರಿಗೆ ಏನು ಬೇಕಾದರೂ ಹೇಳಿಕೊಳ್ಳಬಹುದಿತ್ತು. ನಾನು ಕೇಳಿಯೇ ಇರಲಿಲ್ಲವಲ್ಲ. ಈಗ ಜೀಪಿನವರು ಅವ್ವನ ಸುದ್ದಿ ತಂದಿದ್ದಾರೆ. ಮಗುವಿಗೆ ಜ್ವರವಂತೆ, ಬರೀ ನೆಗಡಿಯದಂತೆ. ನೆಗಡಿಯದೇ, ನನಗೂ ಗೊತ್ತು. ಆದರೂ ನಿಮ್ಮ ಕೈ ಇನ್ನೂ ಅವಳ ತಲೆಯ ಮೇಲೇ ಇದ್ದಂತಿದೆ. ಬಂದು ತೆಗೆಯಿರಿ.