ಸಣ್ಣ ತಂತಿಯ ಶ್ರುತಿ

ಮಾರ್ಚ್ ೧೪, ಶನಿವಾರ

ನಾಳೆ ಅಕ್ಕನ ಮನೆಯಲ್ಲಿ ಹಾಡಬೇಕು, ಯಾವ ಹಾಡೆಂದು ಇನ್ನೂ ತೀರ್ಮಾನವಾಗಿಲ್ಲ. ಅಮ್ಮ ಹೋದ ಮೇಲೆ ಎಲ್ಲರೂ ಸೇರುತ್ತಿರುವುದು ಇದೇ ಮೊದಲು.

"ಕುಣಿಯೋ ಹಾಗಿರೋದು ನುಡಿಸೋ, ಯಾರನ್ನೂ ಅಳಿಸ್ಬೇಡ" ಅಂದಳು ಅಕ್ಕ.

ಹೇಳುವುದು ಸುಲಭ. ಹನ್ನೆರಡು ತಂತಿಗಳು ಎರಡೆರಡಾಗಿ ಜೊತೆಗೇ ನುಡಿಯುವ ಈ ಜೋಡಿ ತಂತಿಯ ಗಿಟಾರಿನಲ್ಲಿ ಓಡುವ ಹಾಡು ಹಿಡಿದರೆ ಬರೀ ಸಂತೆಗದ್ದಲ. ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಅದರ ಮೈಮೇಲೆ ಬೀಳುತ್ತದೆ. ಪದಗಳನ್ನು ಎಳೆದು ನಿಲ್ಲಿಸುವ ನಿಧಾನದ ಹಾಡಿಗೆ ಮಾತ್ರ ಇದು ಒಲಿಯುತ್ತದೆ. ಅಂಥದ್ದನ್ನು ಹುಡುಕುತ್ತಾ ಬೆರಳು ತಾನಾಗಿಯೇ, ಅಮ್ಮ ಇಸ್ತ್ರಿ ಮಾಡುವಾಗ ಹಾಡುತ್ತಿದ್ದ ಹಾಡಿಗೆ ಹೋಯಿತು. ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಒಳಕೋಣೆಯಿಂದ ಅಪ್ಪ ದನಿಗೂಡಿಸಿದರು, ಎಂದಿನಂತೆ ಕೆಳಗಿನ ಸ್ಥಾಯಿಯಲ್ಲಿ. ಮೇಲಿನ ಸ್ಥಾಯಿ ಅಮ್ಮನದಾಗಿತ್ತು. ಇವತ್ತು ದಪ್ಪ ತಂತಿಗೆ ಜೋಡಿಯಾಗಿ ಒಂದು ಸ್ಥಾಯಿ ಮೇಲೆ ನುಡಿಯುವ ಸಣ್ಣ ತಂತಿ ಅದನ್ನು ಹಾಡಿತು.

ಮುಗಿದ ಮೇಲೆ ಅಪ್ಪ ಬಾಗಿಲಿಗೆ ಬಂದು, "ಆ ಸಣ್ಣದು ಒಂಚೂರು ಏರಿದೆ ಕಣೋ" ಅಂದರು. ನಾನು ಶ್ರುತಿ ಇಳಿಸಲೆಂದು ಬಿರಡೆ ತಿರುಗಿಸಹೋದೆ.

"ಇರ್ಲಿ ಬಿಡು. ಅವಳೂ ಹಾಗೇ ಹಾಡ್ತಿದ್ಲು."

ಜೀವಮಾನವೆಲ್ಲ ಅದಕ್ಕೇ ಅಮ್ಮನ ಜೊತೆ ಜಗಳ ಆಡಿದ ಮನುಷ್ಯ!

ಅಕ್ಕನಿಗೆ ಏನು ಹೇಳುವುದೋ ಗೊತ್ತಿಲ್ಲ. ಗಿಟಾರನ್ನು ಶ್ರುತಿ ಮಾಡದೆ ಹಾಗೆಯೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಒಳಗೆ ಅಪ್ಪ ಇನ್ನೂ ಕೆಳಗಿನ ಸ್ಥಾಯಿಯಲ್ಲೇ...