ಮೆರವಣಿಗೆಗೆ ಬೇಡವಾದ ಕೆಂಪು ಕಾರು

ಮಹ್ದಿಯಾ,
ಸೆಪ್ಟೆಂಬರ್ ೯

ಪ್ರೀತಿಯ ಮುನ್ಜಿಯಾ ಅಕ್ಕನಿಗೆ,

ನಿನ್ನ ತಂಗಿಯ ಸಲಾಮುಗಳು. ಮೊಣಕಾಲಿನ ಆಪರೇಷನ್ ಆದಮೇಲೆ ಈಗ ಮೆಟ್ಟಿಲು ಹತ್ತುತ್ತೀಯಂತೆ, ಕೇಳಿ ಜೀವ ತಂಪಾಯಿತು. ಮದುವೆ ಮುಗಿದು ಮೂರು ವಾರವಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ತಪ್ಪು ನನ್ನದೇ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಕಾಗದ ಹರಿದುಹಾಕುತ್ತಿದ್ದೆ.

ನನ್ನ ಉಲ್ಫಾ ಮದುಮಗಳ ಉಡುಪಿನಲ್ಲಿ ನಮ್ಮಮ್ಮನ ತದ್ರೂಪು. ಅಳಿಯ ಶಾಕಿರ್ ಒಳ್ಳೆಯವನು, ಅವನ ಮೇಲೆ ನನ್ನದೇನೂ ದೂರಿಲ್ಲ. ದೂರೆಲ್ಲ ಅವನ ಸೋದರತ್ತೆ ಸಲ್ವಾಳ ಮೇಲೆ. ಮದುವೆಗೆ ವಾರವಿರುವಾಗ ಕಾರುಗಳ ಮೆರವಣಿಗೆ ಗೊತ್ತುಮಾಡಲು ಬಂದಳು. ಕಾಫಿ ಕುಡಿಯುತ್ತ ಕಿಟಕಿಯಿಂದ ಇಣುಕಿ, "ಆ ಕೆಂಪುದು ಯಾರದ್ದು, ಟೊಮೇಟೊ ಡಬ್ಬಿ ತರ ಇದೆ?" ಎಂದಳು.

"ನನ್ನದು," ಎಂದೆ.

"ಬೇಜಾರು ಮಾಡ್ಕೋಬೇಡಿ ನಝೀಹಾ. ನಮ್ಮ ಕಡೆಯಿಂದ ಎಲ್ಲಾ ದೊಡ್ಡ ದೊಡ್ಡ ಬಿಳಿ ಕಾರೇ ಬರೋದು. ಇದನ್ನ ಆ ಮೂಲೆ ಬೇಕರಿ ಹಿಂದೆ ನಿಲ್ಸಿಬಿಡಿ. ನಿಮಗೆ ಯಾವುದ್ರಲ್ಲಾದ್ರೂ ಒಂದು ಸೀಟು ಮಾಡ್ಕೊಡ್ತೀವಿ."

ಮಗಳ ಮೆರವಣಿಗೆಯಲ್ಲಿ ಹೆತ್ತವಳಿಗೆ ಯಾವುದೋ ಕಾರಿನ ಯಾವುದೋ ಸೀಟಂತೆ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಉಲ್ಫಾಳ ಹಿಂದೆ ನನ್ನ ಕಾರಿನಲ್ಲೇ ಹೋಗುತ್ತೇನೆಂದು ಅವತ್ತೇ ನಿಶ್ಚಯಿಸಿದೆ.

ಡಬ್ಬಿಯಂತೆ. ಹದಿನೇಳು ವರ್ಷದಿಂದ ನಮ್ಮ ಮನೆಯ ಒಲೆ ಉರಿಸಿದ್ದು ಆ ಡಬ್ಬಿಯೇ ಅಕ್ಕ. ಹಿಂದಿನ ಸೀಟು ಮಡಚಿದರೆ ಮಕ್ರೂದ್ ಮತ್ತು ಬಕ್ಲಾವಾದ ಎಂಟು ದೊಡ್ಡ ತಟ್ಟೆಗಳು ಒಂದೂ ಅಲುಗದೆ ಕೂರುತ್ತವೆ. ಬೇರೆಯವರ ಮದುವೆಗಳಿಗೆ ನಾನು ಸಿಹಿ ಮುಟ್ಟಿಸಿದ್ದು ಹಾಗೆಯೇ. ಹಳೇ ಪೇಟೆಯ ಓಣಿಗಳಲ್ಲಿ ಅವರ ಬಿಳಿ ಕಾರುಗಳು ಮೂತಿಯನ್ನಾದರೂ ತೂರಿಸಲಿ ನೋಡೋಣ. ಪೆಟ್ರೋಲನ್ನು ಗುಬ್ಬಿ ನೀರು ಕುಡಿದಷ್ಟೇ ಕುಡಿಯುತ್ತದೆ. ಕೆಟ್ಟರೆ ಮೂಲೆಯ ಮೆಕ್ಯಾನಿಕ್ ಲಸ್ಸಾದ್ ಚಹಾ ಆರುವುದರೊಳಗೆ ಸರಿಮಾಡುತ್ತಾನೆ. ಹಬ್ಬದ ಕುರಿಯನ್ನೂ ಅದರಲ್ಲೇ ತರುತ್ತಿದ್ದೆವು. ಚಿಕ್ಕವಳಿದ್ದಾಗ ಉಲ್ಫಾ ಕುರಿಯ ಕುತ್ತಿಗೆ ತಬ್ಬಿ ಕೂತು ದಾರಿಯುದ್ದಕ್ಕೂ ಅದರೊಡನೆ ಹರಟುತ್ತಿದ್ದಳು. ಅವಳ ಪರೀಕ್ಷೆ, ಕಾಲೇಜು, ಮೊದಲ ಸಂದರ್ಶನ ಎಲ್ಲಕ್ಕೂ ನಾನೇ ಬಿಟ್ಟುಬಂದವಳು.

ಮದುವೆಯ ದಿನ ಕಾರಿನ ಕನ್ನಡಿಗೆ ರಿಬ್ಬನ್ ಕಟ್ಟಿಕೊಂಡು ಬಾಲದಂತೆ ಹಿಂದೆ ಸೇರಿದೆ. ಸಲ್ವಾ ಎಲ್ಲರಿಗಿಂತ ಮುಂದೆ. ಮದುಮಕ್ಕಳ ಬಾಡಿಗೆ ಕಾರು ಬಿಳಿ ಕಾರುಗಳಲ್ಲೆಲ್ಲ ಕೊನೆಯದು, ಮೈತುಂಬ ಹೂವು. ಬಂದರಿನ ವೃತ್ತವನ್ನು ಹಾರ್ನ್ ಹೊಡೆಯುತ್ತ ಮೂರು ಸುತ್ತು ಸುತ್ತಬೇಕು, ಆಮೇಲೆ ಕಡಲ ದಂಡೆಯ ಬಳಸುದಾರಿಯಲ್ಲಿ ಮದುವೆ ಹಾಲಿಗೆ ಹೋಗಬೇಕು ಎಂದು ಅವಳ ಅಪ್ಪಣೆ. ಸುತ್ತಿದ್ದೂ ಸುತ್ತಿದ್ದೇ. ದಂಡೆಯ ದಾರಿಯ ನಡುಮಧ್ಯ ಹೂವಿನ ಕಾರು ನಿಂತೇಹೋಯಿತು. ಹೂವು ಸಾಕೇ ಎಂದು ಹತ್ತು ಜನ ನೋಡಿದ್ದರು, ಪೆಟ್ರೋಲ್ ಇದೆಯೇ ಎಂದು ಒಬ್ಬರೂ ನೋಡಿರಲಿಲ್ಲ. ಮುಂದಿನವರು ಹಾರ್ನಿನ ಗದ್ದಲದಲ್ಲಿ ಇದಾವುದೂ ಗೊತ್ತಾಗದೆ ಹೋಗಿಬಿಟ್ಟರು. ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ.

ನಾನು ಪಕ್ಕಕ್ಕೆ ನಿಲ್ಲಿಸಿ ಬಾಗಿಲು ತೆಗೆದೆ. ಹಿಂದೆ ಸಿಹಿಯ ತಟ್ಟೆಗಳಿದ್ದರೂ ನನ್ನ ಪಕ್ಕದ ಸೀಟು ಖಾಲಿಯಿತ್ತು. "ಹತ್ತು ಮಗಳೇ, ಹತ್ತು ನಿಮಿಷದ ದಾರಿ," ಎಂದೆ.

"ಬೇಡಮ್ಮ, ಬಟ್ಟೆ ಮುದುರತ್ತೆ. ನೀನೇ ಹೋಗಿ ಪೆಟ್ರೋಲ್ ತಂದ್ಬಿಡು."

"ನಿಮ್ಮ ಕಾರೇ ನಮ್ಮನ್ನ ಕಾಪಾಡ್ಬೇಕು ಅತ್ತೆ," ಎಂದು ಶಾಕಿರ್ ನಕ್ಕ.

ಹೋದೆ, ಒಂದು ಡಬ್ಬಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಬಂದೆ. ಅಷ್ಟು ಹೊತ್ತೂ ಆಗಸ್ಟಿನ ಬಿಸಿಲಿನಲ್ಲಿ ಮಗು ನಿಂತೇ ಇದ್ದಳು, ಕಣ್ಣಿನ ಕಪ್ಪು ಕೆನ್ನೆಗಿಳಿದಿತ್ತು. ಅವಳನ್ನು ಏನೆಂದು ಬೈಯಲಿ. ಅವಳ ತಲೆಗೆ ಇಲ್ಲದ್ದನ್ನೆಲ್ಲ ತುಂಬಿದವಳು ಸಲ್ವಾ. ಹಾಲಿನ ಬಾಗಿಲಲ್ಲಿ ಅವಳು, "ಯಾಕಿಷ್ಟು ಲೇಟು?" ಎಂದು ನನ್ನನ್ನೇ ಕೇಳಿದಳು.

"ನಿಮ್ಮ ದೊಡ್ಡ ಕಾರಿಗೆ ಬಾಯಾರಿತ್ತು. ನಮ್ಮ ಟೊಮೇಟೊ ಡಬ್ಬಿ ಹೋಗಿ ಕುಡಿಸಿಕೊಂಡು ಬಂತು," ಎಂದೆ. ಅವಳ ಮುಖ ನೋಡಬೇಕಿತ್ತು ನೀನು.

ಅಲ್ಲಾಹು ನಿನ್ನ ಕಾಲಿಗೆ ಮೊದಲಿನ ಬಲ ಕೊಡಲಿ, ಮೊಮ್ಮಕ್ಕಳನ್ನು ಸುಖವಾಗಿಡಲಿ. ಉಲ್ಫಾಳ ಮನೆ ತುಂಬಿರಲಿ ಎಂದು ನೀನೂ ಬೇಡಿಕೋ.

ನಿನ್ನ ತಂಗಿ,
ನಝೀಹಾ

ಮರೆತಿದ್ದು: ಮರೆತಿದ್ದೇನಲ್ಲ, ಬರೆಯಬಾರದೆಂದಿದ್ದೆ. ನಾನು ಪೆಟ್ರೋಲ್ ಡಬ್ಬಿ ಹಿಡಿದು ಇಳಿಯುವಾಗ, ಮದುಮಕ್ಕಳ ಕಾರಿನಲ್ಲೇ ಬಂದಿದ್ದ ವಿಡಿಯೋದವನು ಕ್ಯಾಮೆರಾ ನನ್ನತ್ತ ತಿರುಗಿಸಿ, "ಇವ್ರು ಯಾರು, ಮನೆಯವ್ರಾ?" ಎಂದು ಉಲ್ಫಾಳನ್ನು ಕೇಳಿದ. ಶಾಕಿರ್ ದೂರದಲ್ಲಿ ಫೋನಿನಲ್ಲಿದ್ದ. "ಅಲ್ಲ, ಸಿಹಿ ತಂದವ್ರು. ಆ ಕಡೆ ತೆಗೀಬೇಡಿ," ಎಂದಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಸಲ್ವಾ ಅಲ್ಲಿರಲೇ ಇಲ್ಲ ಅಕ್ಕ. ಅವಳು ಆಗಲೇ ಹಾಲ್ ಮುಟ್ಟಿದ್ದಳು.