ಕುಂಬಳದ ಹೂವಿಗೆ ನಿನ್ನ ಬ್ರಷ್

ಮಯೂರ್ ವಿಹಾರ್, ದೆಹಲಿ
6 ಮೇ 2007

ಚಿ. ಸೌ. ಮಯೂರಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಹೆಸರಿನ ಹಿಂದೆ ‘ಸೌ.’ ಬರೆದದ್ದು ಇದೇ ಮೊದಲು. ಮೇಲಿನ ಮನೆಯ ಅಹಲ್ಯಾ ನಿನ್ನನ್ನು ಲಕ್ಷ್ಮೀ ನಗರದ ಮಾರ್ಕೆಟ್ಟಿನಲ್ಲಿ ಕಂಡು ವಿಳಾಸ ತಂದುಕೊಟ್ಟು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬಸ್ಸಿನಲ್ಲಿ ಹೋಗಿಬಿಡಬಹುದಾದ ದಾರಿಗೆ ಅಂಚೆಚೀಟಿ ಹಚ್ಚುತ್ತಿದ್ದೇನೆ ನೋಡು. ಏನು ಮಾಡಲಿ, ನೀನು ಹೇಳದೆ ಮದುವೆಯಾಗಿ ಹೋದಾಗಿನಿಂದ ನಿಮ್ಮಪ್ಪ ಮನೆಯಲ್ಲಿ ನಿನ್ನ ಹೆಸರೆತ್ತಲು ಬಿಟ್ಟಿಲ್ಲ. ಫೋನಂತೂ ಅವರ ಕುರ್ಚಿಯ ಪಕ್ಕದಲ್ಲೇ ಇದೆ.

ಇಲ್ಲಿ ಸೆಕೆಯೋ ಸೆಕೆ. ನಲ್ಲಿಗೆ ನೀರು ಬಂದರೆ ಕರೆಂಟಿಲ್ಲ, ಕರೆಂಟಿದ್ದರೆ ನೀರಿಲ್ಲ. ಮಂಡಿ ನೋವು ಬೇರೆ. ಸುಸ್ತಾಗಿ ಹೋಗಿದ್ದೇನೆ ಕಣೇ.

ಹಿತ್ತಿಲಿನ ಅಂಗೈಯಗಲ ಜಾಗದಲ್ಲಿ ಸಿಹಿಗುಂಬಳ ಹಾಕಿದ್ದೆ. ಬಳ್ಳಿ ಹಬ್ಬಿ ಹೂವೇನೋ ಬಿಟ್ಟಿತು, ಹೂವಿನ ಬುಡದ ಪುಟ್ಟ ಕಾಯಿಗಳೆಲ್ಲ ಹಳದಿಯಾಗಿ ಉದುರಿದವು. “ಆ ತರಕಾರಿ ಗಾಡಿಯ ಭಯ್ಯಾ ಕೊಟ್ಟ ಬೀಜವೇ ಸರಿಯಿಲ್ಲ” ಎಂದು ನಿಮ್ಮಪ್ಪ ರೇಗಿದರು. ಬೀಜದ ತಪ್ಪೇನಿಲ್ಲ. ಸೊಸೈಟಿಯ ಸೆಕ್ರೆಟರಿ ಅಂತ ಇವರೇ ಚಳಿಗಾಲದಲ್ಲಿ ನೀರಿನ ಟ್ಯಾಂಕಿನ ಕೆಳಗಿದ್ದ ಜೇನುಗೂಡಿಗೆ ಹೊಗೆ ಹಾಕಿಸಿದ್ದರು. ಇನ್ನು ಹೂವಿನಿಂದ ಹೂವಿಗೆ ಪರಾಗ ಹೊರುವವರು ಯಾರು? ನೀನು ಹನ್ನೆರಡನೇ ಕ್ಲಾಸಿಗೆ ಬಾಟನಿ ಉರುಹೊಡೆಯುವಾಗ ನಾನು ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡಿದ್ದೆ. ಬುಡದಲ್ಲಿ ಗುಂಡುಕಾಯಿ ಇರುವುದು ಹೆಣ್ಣು ಹೂವು, ಬರೀ ತೊಟ್ಟಿನದು ಗಂಡು, ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಮುದುಡುತ್ತದೆ.

ನಿನ್ನ ಪೇಂಟ್ ಡಬ್ಬಿ ತೆಗೆದೆ. ಸಣ್ಣ ಬ್ರಷ್ಷಿನಿಂದ ಗಂಡು ಹೂವಿನ ಹಳದಿ ಪುಡಿ ಹೆಣ್ಣು ಹೂವಿನೊಳಗೆ ಸವರಿದೆ. ಇವರು ಬಾಗಿಲಲ್ಲಿ ನಿಂತು, “ಸುಮಿತ್ರಾ, ಇನ್ನು ನೀನು ಗುಂಯ್‌ಗುಡೋದೊಂದು ಬಾಕಿ” ಎಂದು ನಕ್ಕರು. ಬ್ರಷ್ ಯಾರದೆಂದು ಕೇಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಮಂಡಿ ಹಿಡಿದುಕೊಂಡು ಬೇಗ ಏಳಲಾಗಲಿಲ್ಲ. ಕುಂಟುತ್ತಾ ಹೋಗಿ ನೋಡಿದರೆ, ಬನಿಯನ್ನಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಇವರೇ ಬ್ರಷ್ ಆಡಿಸುತ್ತಿದ್ದಾರೆ! “ಇದರಲ್ಲಿ ಹೆಣ್ಣು ಯಾವುದೇ?” ಎಂದರು, ತಲೆಯೆತ್ತದೆ. ತೋರಿಸಿದೆ. ಆಮೇಲೆ ಬ್ರಷ್ ತೊಳೆದು, ಒರೆಸಿ, ನಿನ್ನ ಡಬ್ಬಿಯಲ್ಲೇ ಇಟ್ಟರು. ಈಗ ದಿನಾ ಆಫೀಸಿಗೆ ಹೊರಡುವ ಮುಂಚೆ ಇದೇ ಕೆಲಸ. ಒಂದೇ ಒಂದು ಕಾಯಿ ನಿಂತಿದೆ, ತೆಂಗಿನಕಾಯಿಯಷ್ಟಾಗಿದೆ. ನಾನು ಅಹಲ್ಯಾಗೆ ತೋರಿಸಹೋದರೆ, “ಬೆರಳು ತೋರಿಸಬೇಡ, ಕೊಳೆತುಹೋಗುತ್ತೆ” ಎಂದು ಗದರಿದರು. ಇಂಥದ್ದನ್ನೆಲ್ಲ ನಂಬುವ ಮನುಷ್ಯರೇ ಅಲ್ಲ ಇವರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನಿನ್ನೂ ಮುಖ ನೋಡದ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ತಣ್ಣಗಿರಿ.

ನಿನ್ನ ಅಮ್ಮ,
ಸುಮಿತ್ರಾ

ತಾ.ಕ.: ವಿಳಾಸ ಕೊಡುವಾಗ ಅಹಲ್ಯಾ, “ಮಯೂರಿಗೆ ಆರು ತಿಂಗಳಲ್ವಾ, ಪಾಪ, ಈ ಬಿಸಿಲಲ್ಲಿ ಒಬ್ಬಳೇ ತರಕಾರಿ ಹೊತ್ಕೊಂಡು ಹೋಗ್ತಿದ್ದಳು” ಅಂದಳು. “ಹೌದು, ಗೊತ್ತು” ಅಂದುಬಿಟ್ಟೆ. ನನಗೆಲ್ಲಿ ಗೊತ್ತಿತ್ತು ಮಗಳೇ? ಹೆತ್ತವಳು ಇದನ್ನು ಮೇಲಿನ ಮನೆಯವಳ ಬಾಯಲ್ಲಿ ಕೇಳಬೇಕಾಯಿತು. ನಿಮ್ಮಪ್ಪ ಅಲ್ಲೇ ಪೇಪರ್ ಹಿಡಿದು ಕೂತಿದ್ದರು. ಮಾರನೆಯ ಬೆಳಿಗ್ಗೆಯೇ ಅವರು ನಿನ್ನ ಬ್ರಷ್ ಹಿಡಿದು ಹಿತ್ತಿಲಲ್ಲಿ ಕೂತದ್ದು.